‘ಸುಮ್ನೆ ಬಂದ್ವಿ’ ಅಂದರೆ ಏನು? ಸಸ್ಯೋದ್ಯಾನಕ್ಕೆ ಜನ ಯಾಕೆ ಹೋಗುತ್ತಾರೆ

ಸಸ್ಯೋದ್ಯಾನದ ಗೇಟಿನ ಹತ್ತಿರ ನಿಂತುಕೊಂಡು, ಒಳಗೆ ಹೋಗುತ್ತಿರುವವರನ್ನು "ಯಾಕೆ ಬಂದ್ರಿ?" ಅಂತ ಕೇಳಿ ನೋಡಿ. ಹೆಚ್ಚಿನವರು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಆಮೇಲೆ ನಕ್ಕು "ಸುಮ್ನೆ" ಅನ್ನುತ್ತಾರೆ.

ಈ "ಸುಮ್ನೆ" ಬಹಳ ಕಿಲಾಡಿ ಮಾತು. ಕಾರಣವೇ ಇಲ್ಲ ಅನ್ನುವ ಹಾಗೆ ಕೇಳಿಸುತ್ತದೆ. ಆದರೆ ಆಸ್ಪತ್ರೆಗೆ ಯಾರೂ ಸುಮ್ನೆ ಹೋಗುವುದಿಲ್ಲ, ಬ್ಯಾಂಕಿಗೂ ಹೋಗುವುದಿಲ್ಲ. ಸಸ್ಯೋದ್ಯಾನಕ್ಕೆ ಮಾತ್ರ ರಜೆಯ ದಿನ ಬೇಗ ಎದ್ದು, ಮಕ್ಕಳನ್ನು ರೆಡಿ ಮಾಡಿ, ಬಸ್ಸು ಹಿಡಿದು, ಸಾಲಿನಲ್ಲಿ ನಿಂತು, ಇಷ್ಟೆಲ್ಲ ಒದ್ದಾಡಿ ಹೋಗಿ, ಕೊನೆಗೆ "ಸುಮ್ನೆ ಬಂದ್ವಿ" ಅನ್ನುತ್ತೇವೆ. ಪ್ರಪಂಚದ ಸಸ್ಯೋದ್ಯಾನಗಳಿಗೆಲ್ಲ ಸೇರಿ ವರ್ಷಕ್ಕೆ 50 ಕೋಟಿಗೂ ಹೆಚ್ಚು ಭೇಟಿಗಳು ಆಗುತ್ತವೆ ಅನ್ನುವುದು ಈ ಉದ್ಯಾನಗಳ ಅಂತರರಾಷ್ಟ್ರೀಯ ಸಂಸ್ಥೆ ಬಿಜಿಸಿಐ ಕೊಡುವ ಅಂದಾಜು. ಅಷ್ಟೊಂದು ಜನ ಕಾರಣ ಇಲ್ಲದೆ ಹೋಗುತ್ತಾರಾ? ಕಾರಣ ಇದೆ. ಬಾಯಿಬಿಟ್ಟು ಹೇಳೋಕೆ ಬರುವುದಿಲ್ಲ ಅಷ್ಟೆ.

ಆ ಗಂಟನ್ನು ಸ್ವಲ್ಪ ಬಿಚ್ಚಿ ನೋಡೋಣ. ಅದಕ್ಕೂ ಮುಂಚೆ ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಪಾರ್ಕ್ ಬೇರೆ, ಸಸ್ಯೋದ್ಯಾನ ಬೇರೆ. ಪಾರ್ಕಿನಲ್ಲಿ ಮರ ಇರುವುದು ನೆರಳಿಗೆ, ಅಂದಕ್ಕೆ. ಸಸ್ಯೋದ್ಯಾನದಲ್ಲಿ ಮರಕ್ಕೊಂದು ದಾಖಲೆ ಇರುತ್ತದೆ: ಹೆಸರು ಏನು, ಎಲ್ಲಿಂದ ಬಂತು, ಯಾರು ತಂದರು, ಯಾವ ವರ್ಷ ನೆಟ್ಟರು. ಗಿಡದ ಪಕ್ಕದ ಪುಟ್ಟ ಫಲಕದ ಮೂಲೆಯಲ್ಲಿ ಒಂದು ಸಂಖ್ಯೆ ಇರುತ್ತದಲ್ಲ, ನಾವು ಯಾರೂ ಓದದ ಆ ಸಂಖ್ಯೆ, ಅದೇ ಉದ್ಯಾನದವರಿಗೆ ಜೀವ. ಅದು ಕಳೆದುಹೋದರೆ ಗಿಡ ಹಸಿರಾಗಿಯೇ ಇದ್ದರೂ ವಿಜ್ಞಾನದ ಲೆಕ್ಕದಲ್ಲಿ ಅನಾಥ. ಗೊತ್ತಿರುವ ಸಸ್ಯ ಪ್ರಭೇದಗಳಲ್ಲಿ ಶೇಕಡ 30ರಷ್ಟು, ಅಳಿವಿನ ಅಂಚಿನಲ್ಲಿರುವ ಪ್ರಭೇದಗಳಲ್ಲಿ ಶೇಕಡ 41ರಷ್ಟು ಈ ಉದ್ಯಾನಗಳಲ್ಲಿ ಬೆಳೆಯುತ್ತಿವೆ ಅಂತ 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತ್ತು.

ಅಂದರೆ ನಡೆಸುವವರ ಕಣ್ಣಿಗೆ ಇದೊಂದು ಜೀವಂತ ಉಗ್ರಾಣ. ಬರುವವರ ಕಣ್ಣಿಗೆ ಕಾಲು ಚಾಚಿ ಕೂರೋಕೆ ಒಳ್ಳೆಯ ಜಾಗ. ಇಬ್ಬರ ನಡುವೆ ಈ ಜಗ್ಗಾಟ ಇವತ್ತಿನದಲ್ಲ.

ಹಳೆಯ ಜಗಳ

ಶುರುವಿನಲ್ಲಿ ಯಾಕೆ ಬಂದಿರಿ ಅಂತ ಕೇಳುವ ಅಗತ್ಯವೇ ಇರಲಿಲ್ಲ. ಇಟಲಿಯ ಪಾದುವಾದಲ್ಲಿ 1545ರಲ್ಲಿ ವಿಶ್ವವಿದ್ಯಾಲಯದವರು ಒಂದು ತೋಟ ಮಾಡಿದರು. ಹುಟ್ಟಿದ ಜಾಗದಲ್ಲೇ ಇವತ್ತಿಗೂ ಉಳಿದಿರುವ ಸಸ್ಯೋದ್ಯಾನಗಳಲ್ಲಿ ಅದೇ ಅತ್ಯಂತ ಹಳೆಯದು. ಬರುತ್ತಿದ್ದವರು ವೈದ್ಯಕೀಯ ಓದುವ ಹುಡುಗರು. ಆಗ ಔಷಧಿ ಅಂದರೆ ಬಹುತೇಕ ಗಿಡಮೂಲಿಕೆಯೇ, ತಪ್ಪು ಗಿಡ ಕೊಟ್ಟರೆ ರೋಗಿ ಹೋಗಿಯೇಬಿಡುತ್ತಿದ್ದ. ಹಾಗಾಗಿ ಯಾವುದು ಮದ್ದು, ಯಾವುದು ವಿಷ ಅಂತ ಕಣ್ಣಾರೆ ನೋಡಿ, ಮುಟ್ಟಿ, ಮೂಸಿ ಕಲಿಯಬೇಕಿತ್ತು. ಇನ್ನೊಂದು ಥರದವರೂ ಬರುತ್ತಿದ್ದರು, ಕಳ್ಳರು. ಔಷಧಿ ಗಿಡಗಳಿಗೆ ಒಳ್ಳೆಯ ಬೆಲೆ ಇತ್ತು. ರಾತ್ರಿ ಬಂದು ಕಿತ್ತುಕೊಂಡು ಹೋಗುತ್ತಿದ್ದರು ಅಂತ ಆ ತೋಟದ ಸುತ್ತ ಗುಂಡಗೆ ಗೋಡೆ ಕಟ್ಟಿಸಬೇಕಾಯಿತು. ಒಬ್ಬರಿಗೆ ವಿದ್ಯೆ ಬೇಕು, ಇನ್ನೊಬ್ಬರಿಗೆ ಗಿಡವೇ ಬೇಕು. ಸುಮ್ನೆ ಬಂದವರು ಯಾರೂ ಇಲ್ಲ.

ಮುನ್ನೂರು ವರ್ಷ ದಾಟುವ ಹೊತ್ತಿಗೆ ಚಿತ್ರ ಪೂರ್ತಿ ಬದಲಾಗಿತ್ತು. ಲಂಡನ್ನಿನ ಕ್ಯೂ ಉದ್ಯಾನವನ್ನು 1865ರಿಂದ 1885ರ ತನಕ ನಡೆಸಿದವರು ಜೋಸೆಫ್ ಹೂಕರ್. ಡಾರ್ವಿನ್ನರ ಆಪ್ತ ಗೆಳೆಯ, ದೊಡ್ಡ ಸಸ್ಯವಿಜ್ಞಾನಿ. ಆ ಕಾಲಕ್ಕೆ ಜನಸಾಮಾನ್ಯರಿಗೆ ಕ್ಯೂ ಬಾಗಿಲು ತೆರೆಯುತ್ತಿದ್ದದ್ದು ಮಧ್ಯಾಹ್ನದ ಮೇಲೆ. ಬೆಳಗಿನ ಹೊತ್ತು ವಿಜ್ಞಾನಿಗಳಿಗೆ, ಚಿತ್ರ ಬರೆಯುವವರಿಗೆ ಮೀಸಲು. ನಮಗೂ ಬೆಳಿಗ್ಗೆ ಬಿಡಿ ಅಂತ ಸುತ್ತಲಿನ ಜನ ಹಟ ಹಿಡಿದರು. ಹೂಕರ್ ಜಗ್ಗಲಿಲ್ಲ. ಬರುವವರಲ್ಲಿ ಬಹಳಷ್ಟು ಜನ ಮೋಜಿಗೆ ಬರುವವರು, ಓಡಾಡಿ ಗಲಾಟೆ ಎಬ್ಬಿಸಿ ಆಟ ಆಡೋಕೆ ಬರುವವರು, ಅವರಿಗೋಸ್ಕರ ಕೆಲಸ ಕೆಡಿಸಿಕೊಳ್ಳೋಕೆ ಆಗಲ್ಲ ಅನ್ನುವ ಧಾಟಿಯಲ್ಲೇ ಅವರು ವಾದಿಸಿದ್ದು.

ಹೂಕರ್ ಸ್ವಲ್ಪ ಸಿಡುಕರೇ ಇರಬಹುದು. ಆದರೆ ಜನರ ಉದ್ದೇಶದ ಬಗ್ಗೆ ಅವರ ಅಂದಾಜು ತಪ್ಪಿರಲಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಆದಮೇಲೆ ಸಂಶೋಧಕರು ಪ್ರಶ್ನಾವಳಿ ಹಿಡಿದುಕೊಂಡು ಹೋಗಿ ಕೇಳಿದಾಗಲೂ ಹೆಚ್ಚುಕಡಿಮೆ ಅದೇ ಉತ್ತರ ಬಂತು.

ಕೇಳಿದರೆ ಏನು ಹೇಳುತ್ತಾರೆ

ಆಸ್ಟ್ರೇಲಿಯಾದ ರಾಯ್ ಬ್ಯಾಲಂಟೈನ್, ಜ್ಯಾನ್ ಪ್ಯಾಕರ್ ಮತ್ತು ಕರೆನ್ ಹ್ಯೂಸ್ 2008ರಲ್ಲಿ ಸಸ್ಯೋದ್ಯಾನಕ್ಕೆ ಬರುವವರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಜನ ಬಂದದ್ದು ಮುಖ್ಯವಾಗಿ ಖುಷಿಗೆ. ಚಂದದ ಜಾಗ ನೋಡೋಕೆ, ಮನೆಯವರ ಜೊತೆ, ಸ್ನೇಹಿತರ ಜೊತೆ ಹೊತ್ತು ಕಳೆಯೋಕೆ. ಕಲಿಯಬೇಕು ಅನ್ನುವುದು ಪಟ್ಟಿಯಲ್ಲಿ ಬಹಳ ಕೆಳಗಿತ್ತು. ಉದ್ಯಾನದವರಿಗೆ ಇನ್ನೂ ಬೇಜಾರು ತರಿಸುವ ಮಾತು ಒಂದಿದೆ. ಮ್ಯೂಸಿಯಂ, ಮೃಗಾಲಯದಂಥ ಬೇರೆ ಜಾಗಗಳಿಗೆ ಹೋಗುವವರಿಗೆ ಹೋಲಿಸಿದರೆ, ಪರಿಸರ ಉಳಿಸುವ ವಿಷಯದಲ್ಲಿ ಇವರ ಆಸಕ್ತಿ ಕಮ್ಮಿಯೇ ಇತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ ಬ್ರಿಟನ್ನಿನ ತೋಟಗಳಿಗೆ ಹೋಗುವವರ ಬಗ್ಗೆ ಜೋಆನ್ ಕಾನೆಲ್ ಮಾಡಿದ ಅಧ್ಯಯನದಲ್ಲೂ ಅಷ್ಟೆ. ತೋಟಗಾರಿಕೆಯ ಹುಚ್ಚು ಹಿಡಿಸಿಕೊಂಡು ಬರುವವರು ಇದ್ದಾರೆ, ಆದರೆ ಒಂದು ದಿನ ಹಾಯಾಗಿ ಹೊರಗೆ ಕಳೆಯೋಣ ಅಂತ ಬರುವವರೇ ಜಾಸ್ತಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥ ಸಮೀಕ್ಷೆಗಳಿಗೆ ಜನ ಕೊಡುವ ಉತ್ತರವನ್ನು ಎಷ್ಟು ನಂಬಬಹುದು? ಕೈಯಲ್ಲಿ ಪೆನ್ನು ಕೊಟ್ಟು "ಹೊಸದನ್ನು ಕಲಿಯಲು ಬಂದೆ" ಅನ್ನುವ ಸಾಲಿನ ಮುಂದೆ ಗುರುತು ಹಾಕಿ ಅಂದರೆ, ಬೇಡ ಅನ್ನೋಕೆ ಯಾರಿಗಾದರೂ ಸಂಕೋಚವೇ. ಹೊಸದೇನೂ ಕಲಿಯೋಕೆ ಇಷ್ಟ ಇಲ್ಲ ಅಂತ ಬರೆದುಕೊಡುವ ಧೈರ್ಯ ಎಷ್ಟು ಜನಕ್ಕಿದೆ? ಆದ್ದರಿಂದ ಕಲಿಕೆಗೆ ಬೀಳುವ ಗುರುತುಗಳಲ್ಲಿ ಒಂದಷ್ಟು ಬರೀ ಮರ್ಯಾದೆಗೆ ಬಿದ್ದವು. ಅಷ್ಟಾದರೂ ಅದು ಕೆಳಗೇ ಉಳಿದಿದೆ ಅಂದರೆ ಲೆಕ್ಕ ಹಾಕಿಕೊಳ್ಳಿ. ಇನ್ನೊಂದು ತೊಡಕು, ಒಳಗೆ ಹೋಗುವಾಗ ಕೇಳಿದರೆ ಒಂದು ಉತ್ತರ, ಹೊರಗೆ ಬರುವಾಗ ಕೇಳಿದರೆ ಬೇರೆ ಉತ್ತರ. ಮಳೆ ಬಂದು ಗಾಜಿನ ಮನೆಯೊಳಗೆ ಒಂದು ಗಂಟೆ ಸಿಕ್ಕಿಹಾಕಿಕೊಂಡವನು "ಕಳ್ಳಿ ಗಿಡ ನೋಡೋಕೆ ಬಂದಿದ್ದೆ" ಅಂತ ತಾನೇ ನಂಬಿಬಿಟ್ಟಿರುತ್ತಾನೆ. ಅದಕ್ಕೇ ಕೆಲವು ಸಂಶೋಧಕರು ಕೇಳುವುದರ ಜೊತೆಗೆ ಜನರ ಕಾಲು ಎಲ್ಲಿಗೆ ಹೋಗುತ್ತದೆ, ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತಲೂ ಗಮನಿಸುತ್ತಾರೆ. ಬಾಯಿಗಿಂತ ಕಾಲು ಕಮ್ಮಿ ಸುಳ್ಳು ಹೇಳುತ್ತದೆ.

ತಳ್ಳುವುದು, ಎಳೆಯುವುದು

ಪ್ರವಾಸದ ಬಗ್ಗೆ ಓದುವವರು ಬಹಳ ಹಿಂದಿನಿಂದ ಬಳಸುವ ಒಂದು ಸರಳ ಲೆಕ್ಕ ಇದೆ. 1977ರಲ್ಲಿ ಗ್ರಹಾಂ ಡ್ಯಾನ್ ಅನ್ನುವ ಸಮಾಜಶಾಸ್ತ್ರಜ್ಞರು ಇದನ್ನು ಪ್ರವಾಸದ ವಿಷಯಕ್ಕೆ ತಂದರು. ಮನುಷ್ಯ ಮನೆ ಬಿಟ್ಟು ಹೊರಡಬೇಕಾದರೆ ಎರಡು ಬಲ ಕೆಲಸ ಮಾಡಬೇಕು. ಒಂದು ಒಳಗಿನಿಂದ ತಳ್ಳುತ್ತದೆ: ತಲೆ ಚಿಟ್ಟು ಹಿಡಿದಿದೆ, ಮಕ್ಕಳು ಮನೆಯಲ್ಲಿ ರಂಪ ಮಾಡುತ್ತಿದ್ದಾರೆ, ಯಾರ ಜೊತೆಗೋ ಮಾತಾಡಬೇಕು. ಇನ್ನೊಂದು ಹೊರಗಿನಿಂದ ಎಳೆಯುತ್ತದೆ: ಅಲ್ಲಿ ಹೂವು ಬಿಟ್ಟಿದೆ, ಕೊಳ ಇದೆ, ಪ್ರವೇಶ ಉಚಿತ.

ಉದ್ಯಾನದ ಜಾಹೀರಾತುಗಳೆಲ್ಲ ಎಳೆಯುವ ಕಡೆಯವು. ಆದರೆ ಜನ ಎದ್ದು ಹೊರಡುವುದು ಜಾಸ್ತಿ ತಳ್ಳುವ ಬಲದಿಂದ. "ಎಲ್ಲಿಗಾದರೂ ಹೋಗೋಣ" ಅನ್ನುವುದು ಮೊದಲು ಬರುತ್ತದೆ, "ಎಲ್ಲಿಗೆ" ಅನ್ನುವುದು ಆಮೇಲೆ. ಹಾಗಾಗಿ ಸಸ್ಯೋದ್ಯಾನದ ಎದುರಾಳಿ ಇನ್ನೊಂದು ಸಸ್ಯೋದ್ಯಾನ ಅಲ್ಲ. ಸಿನಿಮಾ, ಮಾಲ್, ಸಮುದ್ರದ ದಂಡೆ, ಇಲ್ಲವೇ ಮನೆಯ ಸೋಫಾ.

ಇದರ ಮೇಲೆ ಇನ್ನೊಂದು ಪದರ ಸೇರಿಸಿದವರು ಅಮೆರಿಕದ ಜಾನ್ ಫಾಕ್. ಮ್ಯೂಸಿಯಂ, ಮೃಗಾಲಯ, ಸಸ್ಯೋದ್ಯಾನಗಳಿಗೆ ಹೋಗುವವರನ್ನು ದಶಕಗಟ್ಟಲೆ ಮಾತಾಡಿಸಿ ಅವರು ಕಂಡುಕೊಂಡದ್ದು ಇಷ್ಟು: ವಯಸ್ಸು, ಓದು, ಸಂಬಳ ನೋಡಿ ಯಾರು ಯಾಕೆ ಬರುತ್ತಾರೆ ಅಂತ ಹೇಳೋಕೆ ಆಗುವುದಿಲ್ಲ. ಆ ದಿನ ಆ ಮನುಷ್ಯ ಯಾವ ಪಾತ್ರದಲ್ಲಿ ಬಂದಿದ್ದಾನೆ ಅನ್ನುವುದನ್ನು ನೋಡಬೇಕು. ಮುಖ್ಯವಾಗಿ ಐದು ಪಾತ್ರ ಅಂದರು ಫಾಕ್. ಕುತೂಹಲಕ್ಕೆ ಸುತ್ತುವವರು. ಬೇರೆಯವರನ್ನು ಕರೆದುಕೊಂಡು ಬಂದವರು. ಊರಿಗೆ ಬಂದಮೇಲೆ ಇದನ್ನು ನೋಡದೆ ಹೋಗಬಾರದು ಅಂತ ಬಂದವರು. ಕಸುಬಿಗೋ ಹವ್ಯಾಸಕ್ಕೋ ಬಂದವರು. ದಣಿವಾರಿಸಿಕೊಳ್ಳೋಕೆ ಬಂದವರು.

ಮೂರನೆಯ ಜಾತಿಯವರನ್ನು ಗುರುತು ಹಿಡಿಯುವುದು ಸುಲಭ. ಗೇಟಿನಲ್ಲಿ ಫೋಟೋ, ಗಾಜಿನ ಮನೆ ಮುಂದೆ ಫೋಟೋ, ದೊಡ್ಡ ಮರದ ಕೆಳಗೆ ಫೋಟೋ, ಮುಗೀತು. ನಾಲ್ಕನೆಯವರು ಅದಕ್ಕೆ ತದ್ವಿರುದ್ಧ. ಒಂದೇ ಆರ್ಕಿಡ್ ಮುಂದೆ ಕುಕ್ಕರಗಾಲಲ್ಲಿ ಅರ್ಧ ಗಂಟೆ ಕೂತು, ಫಲಕದಲ್ಲಿ ಹೆಸರು ತಪ್ಪು ಬರೆದಿದ್ದಾರೆ ಅಂತ ಕಚೇರಿಗೆ ಹೋಗಿ ಹೇಳಿ ಬರುವವರು. ಸಂಖ್ಯೆಯಲ್ಲಿ ಕಮ್ಮಿ, ಆದರೆ ಉದ್ಯಾನದವರಿಗೆ ಇವರೆಂದರೆ ಪ್ರೀತಿಯೂ ಹೌದು, ಭಯವೂ ಹೌದು.

ನನಗೆ ಬಹಳ ಮುಖ್ಯ ಅನ್ನಿಸುವುದು ಎರಡನೆಯವರು, ಕರೆದುಕೊಂಡು ಬಂದವರು. ಮಕ್ಕಳನ್ನು ಕರೆದುಕೊಂಡು ಬಂದ ಅಪ್ಪ ಅಮ್ಮ, ವಯಸ್ಸಾದ ತಾಯಿಯನ್ನು ಕರೆದುಕೊಂಡು ಬಂದ ಮಗಳು, ದೂರದಿಂದ ಬಂದ ನೆಂಟರಿಗೆ ಊರು ತೋರಿಸುವವರು, ಮದುವೆ ಮಾತುಕತೆ ನಡೆಯುತ್ತಿರುವ ಹುಡುಗ ಹುಡುಗಿ. ಇವರಿಗೆ ತಮ್ಮ ಖುಷಿ ಎರಡನೆಯ ಮಾತು. ಜೊತೆಯಲ್ಲಿ ಬಂದವರಿಗೆ ಖುಷಿ ಆಯಿತಾ ಅನ್ನುವುದೇ ಅಳತೆ. ನಡೆಯುತ್ತಾ ಮಾತಾಡುವುದಕ್ಕೆ ಸಸ್ಯೋದ್ಯಾನಕ್ಕಿಂತ ಒಳ್ಳೆಯ ಜಾಗ ನಿಜಕ್ಕೂ ಕಮ್ಮಿ. ಎದುರುಬದುರು ಕೂತರೆ ಮಾತು ನಿಂತಾಗ ಮುಜುಗರ ಆಗುತ್ತದೆ. ಇಲ್ಲಿ ಹಾಗಲ್ಲ. ಪಕ್ಕಪಕ್ಕದಲ್ಲಿ ನಡೆಯುತ್ತೀರಿ, ಮಾತು ನಿಂತರೆ "ಅಯ್ಯೋ ಆ ಹೂವು ನೋಡು" ಅನ್ನಬಹುದು. ಮನೆಯಲ್ಲಿ ವಾರಗಟ್ಟಲೆ ಹೇಳೋಕೆ ಆಗದ ಮಾತು ಬಿದಿರು ಮೆಳೆಯ ಪಕ್ಕದ ದಾರಿಯಲ್ಲಿ ತಾನಾಗಿ ಹೊರಗೆ ಬರುತ್ತದೆ. ಗಿಡಕ್ಕೆ ಇಲ್ಲಿ ಪಾತ್ರ ಇಲ್ಲ ಅಂದುಕೊಳ್ಳಬೇಡಿ. ಮಾತು ಕಟ್ಟಿಹೋದಾಗ ಕಣ್ಣಿಗೆ ಒಂದು ಆಸರೆ ಕೊಡುವುದೇ ಅದರ ಪಾತ್ರ.

ಒಬ್ಬನೇ ಮನುಷ್ಯ ಭಾನುವಾರ ಮಕ್ಕಳ ಜೊತೆ ಬಂದಾಗ ಒಂದು ಪಾತ್ರ, ಬುಧವಾರ ಆಫೀಸಿನಿಂದ ತಪ್ಪಿಸಿಕೊಂಡು ಒಬ್ಬನೇ ಬಂದು ಬೆಂಚಿನ ಮೇಲೆ ಕೂತಾಗ ಇನ್ನೊಂದು ಪಾತ್ರ. ಗೇಟಿನಲ್ಲಿ ಕೇಳಿದರೆ ಎರಡೂ ದಿನ ಅವನು ಹೇಳುವುದು "ಸುಮ್ನೆ" ಅಂತಲೇ.

ಬುಧವಾರದವನ ತಲೆಯೊಳಗೆ

ಈ ಒಬ್ಬನೇ ಬಂದವನ ವಿಷಯದಲ್ಲಿ ವಿಜ್ಞಾನ ಸ್ವಲ್ಪ ಜಾಸ್ತಿಯೇ ತಲೆ ಕೆಡಿಸಿಕೊಂಡಿದೆ. ರೇಚಲ್ ಕ್ಯಾಪ್ಲನ್ ಮತ್ತು ಸ್ಟೀಫನ್ ಕ್ಯಾಪ್ಲನ್ ಅನ್ನುವ ಮನಶ್ಶಾಸ್ತ್ರಜ್ಞ ದಂಪತಿ 1980ರ ದಶಕದ ಕೊನೆಗೆ ಒಂದು ವಿಚಾರ ಮುಂದಿಟ್ಟರು. ನಮ್ಮ ಗಮನದಲ್ಲಿ ಎರಡು ಬಗೆ. ಒಂದು, ನಾವು ಬಲವಂತವಾಗಿ ಹಿಡಿದು ಕೂರಿಸುವ ಗಮನ. ಲೆಕ್ಕ ನೋಡುವಾಗ, ಗಾಡಿ ಓಡಿಸುವಾಗ, ಬೇಜಾರಿನ ಮೀಟಿಂಗಿನಲ್ಲಿ ಕೂತಾಗ ಬೇಕಾಗುವುದು ಇದೇ. ಇದು ಸ್ನಾಯುವಿನ ಹಾಗೆ ದಣಿಯುತ್ತದೆ. ದಣಿದಾಗ ಸಣ್ಣದಕ್ಕೆಲ್ಲ ಸಿಟ್ಟು ಬರುತ್ತದೆ, ಓದಿದ ಸಾಲನ್ನೇ ಮತ್ತೆ ಓದುತ್ತೇವೆ. ಇನ್ನೊಂದು, ತಾನಾಗಿ ಹೋಗುವ ಗಮನ. ಎಲೆ ಅಲುಗುವುದು, ನೀರಿನ ಮೇಲೆ ಬೆಳಕು ಆಡುವುದು, ಜೇನುಹುಳ ಹೂವಿನಿಂದ ಹೂವಿಗೆ ಹೋಗುವುದು. ಇದಕ್ಕೆ ಶ್ರಮ ಬೇಡ. ಈ ಎರಡನೆಯದು ಕೆಲಸ ಮಾಡುವಾಗ ಮೊದಲನೆಯದು ಸುಧಾರಿಸಿಕೊಳ್ಳುತ್ತದೆ.

ಹಾಗಾದರೆ ಫೋನ್ ನೋಡಿದರೂ ಗಮನ ತಾನಾಗಿ ಹೋಗುತ್ತದಲ್ಲ? ಹೋಗುತ್ತದೆ, ಆದರೆ ಅದು ಗಮನವನ್ನು ಪೂರ್ತಿ ಕಿತ್ತುಕೊಳ್ಳುತ್ತದೆ, ತಲೆಯಲ್ಲಿ ಬೇರೆ ಯೋಚನೆಗೆ ಜಾಗವನ್ನೇ ಬಿಡುವುದಿಲ್ಲ. ಎಲೆ ಅಲುಗುವುದನ್ನು ನೋಡುತ್ತಾ ನಿಮ್ಮ ಯೋಚನೆ ನೀವು ಮಾಡಬಹುದು. ಕ್ಯಾಪ್ಲನ್ನರ ವಿಚಾರದಲ್ಲಿ ಇನ್ನೂ ಮೂರು ಮಾತಿವೆ: ದಿನನಿತ್ಯದ ಜಾಗದಿಂದ ದೂರ ಬಂದೆ ಅನ್ನಿಸಬೇಕು, ಆ ಜಾಗ ಒಂದು ಬೇರೆ ಲೋಕದಷ್ಟು ವಿಸ್ತಾರ ಅನ್ನಿಸಬೇಕು, ನಮಗೆ ಬೇಕಾದ್ದಕ್ಕೆ ಅದು ಒದಗಿಬರಬೇಕು. ಇಲ್ಲೇ ಸಸ್ಯೋದ್ಯಾನ ಸಾಮಾನ್ಯ ಪಾರ್ಕನ್ನು ಮೀರಿಸುವುದು. ಹತ್ತು ಹೆಜ್ಜೆಗೆ ಮರುಭೂಮಿ, ಇನ್ನು ಹತ್ತು ಹೆಜ್ಜೆಗೆ ಮಳೆಕಾಡು, ಗಾಜಿನ ಬಾಗಿಲು ತಳ್ಳಿದರೆ ಕನ್ನಡಕದ ಮೇಲೆ ಹಬೆ. ಎಲ್ಲಿಗೂ ಹೋಗದೆ ಎಲ್ಲಿಗೋ ಹೋದ ಹಾಗೆ.

ಪುರಾವೆ? ಬಹಳ ಪ್ರಸಿದ್ಧವಾದದ್ದು 1984ರಲ್ಲಿ ರೋಜರ್ ಉಲ್ರಿಚ್ ಪ್ರಕಟಿಸಿದ ಪುಟ್ಟ ಅಧ್ಯಯನ. ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆದ 46 ಜನರ ಹಳೆಯ ದಾಖಲೆಗಳನ್ನು ಅವರು ತೆಗೆದು ನೋಡಿದರು. 23 ಜನರ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, 23 ಜನರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋದರು, ಗೋಡೆ ಕಂಡವರು 8.70 ದಿನಕ್ಕೆ. ಜೋರಾದ ನೋವಿನ ಔಷಧಿಯೂ ಮರ ಕಂಡವರಿಗೆ ಕಮ್ಮಿ ಬೇಕಾಯಿತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿ ಇಟ್ಟುಕೊಂಡು ಇನ್ನೊಂದು ಅಧ್ಯಯನ ಬಂತು. ವಾರಕ್ಕೆ 120 ನಿಮಿಷ ಹಸಿರಿನ ನಡುವೆ ಕಳೆಯುವವರು, ಏನೂ ಕಳೆಯದವರಿಗಿಂತ ತಾವು ಆರೋಗ್ಯವಾಗಿದ್ದೇವೆ, ನೆಮ್ಮದಿಯಾಗಿದ್ದೇವೆ ಅಂತ ಹೇಳುವುದು ಜಾಸ್ತಿ. ಒಂದೇ ಸಲ ಎರಡು ಗಂಟೆ ಆದರೂ ಸರಿ, ಚೂರುಚೂರಾಗಿ ಆದರೂ ಸರಿ.

ಇದನ್ನು ಓದಿ ಸಸ್ಯೋದ್ಯಾನ ಅಂದರೆ ಔಷಧಿ ಅಂಗಡಿ ಅಂದುಕೊಂಡುಬಿಡಬೇಡಿ. 46 ಜನ ಅಂದರೆ ಸಣ್ಣ ಸಂಖ್ಯೆ. ಎರಡನೆಯದರಲ್ಲಿ, ಹಸಿರಿಗೆ ಹೋದದ್ದಕ್ಕೆ ಆರೋಗ್ಯ ಬಂತಾ, ಆರೋಗ್ಯ ಇದ್ದದ್ದಕ್ಕೆ ಹಸಿರಿಗೆ ಹೋದರಾ ಅಂತ ಬಿಡಿಸಿ ಹೇಳುವುದು ಕಷ್ಟ. ಮತ್ತೆ, "ನನ್ನ ಗಮನ ಸುಧಾರಿಸಿಕೊಳ್ಳಲಿ" ಅಂತ ಯೋಚಿಸಿ ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಹೋದ ಸಲ ಹೋದಾಗ ಹಗುರ ಅನ್ನಿಸಿತ್ತು, ಮೈಗೆ ಅದು ನೆನಪಿದೆ, ಅಷ್ಟೆ. ಸಿಂಗಪುರದ ಸಸ್ಯೋದ್ಯಾನ ಬೆಳಗಿನ 5 ಗಂಟೆಗೆ ಬಾಗಿಲು ತೆರೆದರೆ ಮುಚ್ಚುವುದು ನಡುರಾತ್ರಿಗೆ. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಜಾಗ ಅದು. ಆದರೂ ಬೆಳಗಿನ ಕತ್ತಲಲ್ಲಿ ಅಲ್ಲಿ ವಾಕಿಂಗ್ ಹೋಗುವವರಿಗೆ ಪರಂಪರೆ ನೆನಪಿಗೆ ಬರುತ್ತದೆ ಅಂತ ನನಗನ್ನಿಸುವುದಿಲ್ಲ. ಅವರ ಕಾಲಿಗೆ ಆ ದಾರಿ ಗೊತ್ತು. ಮೂರು ದಿನ ಹೋಗದಿದ್ದರೆ ಏನೋ ಕಳಕೊಂಡ ಹಾಗೆ.

ಕೊಳೆತ ಹೆಣದ ವಾಸನೆ ನೋಡೋಕೆ ಸಾಲು

ಇಷ್ಟು ಹೊತ್ತು ನೆಮ್ಮದಿ, ಹಸಿರು ಅಂತ ಹೇಳಿದೆ. ಈಗ ಪೂರ್ತಿ ಉಲ್ಟಾ ಒಂದು ಉದಾಹರಣೆ. ಸುಮಾತ್ರಾದ ಕಾಡಿನಲ್ಲಿ ಬೆಳೆಯುವ ಟೈಟನ್ ಆರಂ ಅನ್ನುವ ಗಿಡ ಇದೆ. ನಮಗೆಲ್ಲ ಗೊತ್ತಿರುವ ಸುವರ್ಣಗಡ್ಡೆಯ ದಾಯಾದಿ, ಎರಡೂ ಒಂದೇ ಕುಲದವು. ಹೂಗೊಂಚಲು ಮೂರು ಮೀಟರ್ ತನಕ ಬೆಳೆಯಬಹುದು. ವರ್ಷಗಟ್ಟಲೆ ಗಡ್ಡೆಯಲ್ಲಿ ಶಕ್ತಿ ಕೂಡಿಟ್ಟು ಒಂದು ಸಲ ಅರಳುತ್ತದೆ, ಒಂದೆರಡು ದಿನಕ್ಕೆ ಬಾಡಿಹೋಗುತ್ತದೆ. ಅರಳಿದಾಗ ಬರುವ ವಾಸನೆ ಕೊಳೆತ ಮಾಂಸದ್ದು. ಹೆಣ ಮುತ್ತುವ ಹುಳಗಳನ್ನು ಕರೆಯೋಕೆ ಗಿಡ ಮಾಡಿಕೊಂಡ ಉಪಾಯ ಅದು. ವಾಸನೆ ದೂರ ಹಬ್ಬಲಿ ಅಂತ ನಡುವಿನ ಕಂಬವನ್ನು ಬಿಸಿ ಕೂಡ ಮಾಡಿಕೊಳ್ಳುತ್ತದೆ.

ತೋಟದಲ್ಲಿ ಬೆಳೆಸಿದ ಇಂಥ ಗಿಡ ಮೊದಲು ಅರಳಿದ್ದು 1889ರಲ್ಲಿ, ಕ್ಯೂನಲ್ಲಿ. 1926ರಲ್ಲಿ ಅಲ್ಲಿ ಮತ್ತೆ ಅರಳಿದಾಗ ಜನಸಂದಣಿ ಎಷ್ಟಾಯಿತೆಂದರೆ ಪೊಲೀಸರನ್ನು ಕರೆಸಬೇಕಾಯಿತು. ಇನ್ನು 2025ರ ಜನವರಿಯಲ್ಲಿ ಸಿಡ್ನಿಯ ಸಸ್ಯೋದ್ಯಾನದಲ್ಲಿ ಒಂದು ಅರಳಿತು. ಅಲ್ಲಿ 15 ವರ್ಷಕ್ಕೆ ಮೊದಲ ಸಲ. ಅದಕ್ಕೆ ‘ಪುಟ್ರಿಷಿಯಾ’ ಅಂತ ಹೆಸರಿಟ್ಟರು, ಪೆಟ್ರಿಷಿಯಾ ಅನ್ನುವ ಹೆಣ್ಣಿನ ಹೆಸರಿಗೆ ಕೊಳೆತದ್ದು ಅನ್ನುವ ಇಂಗ್ಲಿಷ್ ಪದ ಬೆರೆಸಿ. ಸುಮಾರು 20 ಸಾವಿರ ಜನ ಗಂಟೆಗಟ್ಟಲೆ ಸಾಲು ನಿಂತು, ಮೂಗು ಮುಚ್ಚಿಕೊಂಡು ನೋಡಿ ಬಂದರು. ಮನೆಯಲ್ಲಿ ಕೂತು ನೇರಪ್ರಸಾರದಲ್ಲಿ ನೋಡಿದವರು ಇನ್ನೂ ಎಷ್ಟೋ ಪಟ್ಟು.

ಇಲ್ಲಿ ಕೆಲಸ ಮಾಡುವುದು ಅಂದ ಅಲ್ಲ, ನೆಮ್ಮದಿಯಂತೂ ಅಲ್ಲವೇ ಅಲ್ಲ. ಇವತ್ತು ಬಿಟ್ಟರೆ ಇಲ್ಲ ಅನ್ನುವ ಅವಸರ. ಎಲ್ಲರೂ ಹೋಗುತ್ತಿದ್ದಾರೆ ಅನ್ನುವ ಸೆಳೆತ. "ನಾನೂ ಅಲ್ಲಿದ್ದೆ" ಅಂತ ಆಮೇಲೆ ಹೇಳಿಕೊಳ್ಳುವ ಆಸೆ. ಅದರ ಜೊತೆಗೆ ಅಸಹ್ಯದ ಕಡೆಗೂ ನಮಗೊಂದು ಕುತೂಹಲ ಇದೆ, ಒಪ್ಪಿಕೊಳ್ಳೋಣ. ಚೆರ್ರಿ ಹೂವಿನ ಕಾಲದಲ್ಲಿ ಉದ್ಯಾನಗಳು ಕಿಕ್ಕಿರಿಯುವುದಕ್ಕೂ ಇದೇ ಕಾರಣ, ಬರೀ ವಾಸನೆ ಬೇರೆ. ವರ್ಷವಿಡೀ ಅರಳುವ ಹೂವಿಗೆ ಯಾರೂ ಸಾಲು ನಿಲ್ಲುವುದಿಲ್ಲ. ಪಾಪ.

ಗಿಡದ ಕಥೆಯೂ ಹೀಗೇ ಎಳೆಯುತ್ತದೆ. ಕ್ಯೂನ ಗಾಜಿನ ಮನೆಯಲ್ಲಿ ವುಡ್ಸ್ ಸೈಕಾಡ್ ಅನ್ನುವ ಗಿಡ ಇದೆ. ನೋಡೋಕೆ ಗಿಡ್ಡ ತಾಳೆಯ ಹಾಗೆ, ದಾರಿಯಲ್ಲಿ ಸಿಕ್ಕಿದ್ದರೆ ನೀವು ತಿರುಗಿ ನೋಡುತ್ತಿರಲಿಲ್ಲ. ಜಾನ್ ಮೆಡ್ಲಿ ವುಡ್ ಅನ್ನುವವರು 1895ರಲ್ಲಿ ದಕ್ಷಿಣ ಆಫ್ರಿಕಾದ ಒಂದು ಕಾಡಿನಲ್ಲಿ ಇದನ್ನು ಕಂಡರು. ಒಂದೇ ಒಂದು ಗಿಡ, ಅದೂ ಗಂಡು. ಸೈಕಾಡ್‌ಗಳಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅಲ್ಲಿಂದ ಇಲ್ಲಿಯವರೆಗೆ ಎಷ್ಟು ಹುಡುಕಿದರೂ ಹೆಣ್ಣು ಸಿಕ್ಕಿಲ್ಲ. ಇವತ್ತು ಪ್ರಪಂಚದಲ್ಲಿರುವ ವುಡ್ಸ್ ಸೈಕಾಡ್‌ಗಳೆಲ್ಲ ಆ ಒಂದೇ ಗಂಡಿನ ಬುಡದ ಮರಿಗಳಿಂದ ಬೆಳೆಸಿದವು. ಇಷ್ಟು ಗೊತ್ತಾದಮೇಲೆ ಅದೇ ಗಿಡದ ಮುಂದೆ ಜನ ನಿಲ್ಲುತ್ತಾರೆ, ದನಿ ತಗ್ಗಿಸಿ ಮಾತಾಡುತ್ತಾರೆ. ಗಿಡ ಅದೇ, ಎಲೆ ಅದೇ. ಬದಲಾದದ್ದು ನಾಲ್ಕು ಸಾಲಿನ ಫಲಕ ಓದಿದವರ ಕಣ್ಣು.

ಸಾಮಾನ್ಯವಾಗಿ ಗಿಡ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. 1990ರ ದಶಕದ ಕೊನೆಯಲ್ಲಿ ವಾಂಡರ್ಸೀ ಮತ್ತು ಶುಸ್ಲರ್ ಅನ್ನುವ ಇಬ್ಬರು ಅಮೆರಿಕನ್ ಸಂಶೋಧಕರು ಇದಕ್ಕೆ ಸಸ್ಯಗುರುಡು ಅನ್ನುವ ಅರ್ಥದ ಹೆಸರು ಕೊಟ್ಟರು. ಗಿಡ ಓಡುವುದಿಲ್ಲ, ಕಚ್ಚುವುದಿಲ್ಲ, ಒಂದರ ಹಸಿರು ಇನ್ನೊಂದರ ಹಸಿರಿಗೆ ಬೆರೆತುಹೋಗುತ್ತದೆ. ಅದಕ್ಕೇ ಮಿದುಳು ಎಲ್ಲವನ್ನೂ ಸೇರಿಸಿ ‘ಹಿಂದಿನ ಪರದೆ’ ಅಂತ ಗುಡ್ಡೆ ಹಾಕಿಬಿಡುತ್ತದೆ. ಕಾಡಿನ ಫೋಟೋದಲ್ಲಿ ಏನಿದೆ ಅಂತ ಕೇಳಿದರೆ "ಜಿಂಕೆ" ಅನ್ನುತ್ತೇವೆ. ಸುತ್ತ ಇರುವ ನೂರು ಗಿಡ ಲೆಕ್ಕಕ್ಕಿಲ್ಲ. ಹಾಗಿರುವಾಗ ಜನ ಗಿಡ ನೋಡೋಕೆ ಅಂತಲೇ ಬರಲಿ ಅನ್ನುವುದು ಸ್ವಲ್ಪ ದೊಡ್ಡ ಆಸೆಯೇ.

ದೀಪ, ಸಂಗೀತ, ಆಟಿಕೆ ರೈಲು

ಇದನ್ನು ಅರ್ಥ ಮಾಡಿಕೊಂಡ ಉದ್ಯಾನಗಳು ಬೇರೆ ದಾರಿ ಹಿಡಿದಿವೆ. ಕ್ಯೂನಲ್ಲಿ 2013ರಿಂದ ಚಳಿಗಾಲದ ರಾತ್ರಿಗಳಲ್ಲಿ ದೀಪಾಲಂಕಾರ. ದಕ್ಷಿಣ ಆಫ್ರಿಕಾದ ಕಿರ್ಸ್ಟನ್‌ಬಾಷ್‌ನಲ್ಲಿ ಬೇಸಿಗೆಯ ಭಾನುವಾರಗಳಲ್ಲಿ ಹುಲ್ಲಿನ ಮೇಲೆ ಕೂತು ಕೇಳುವ ಸಂಗೀತ, 2014ರಿಂದ ಮರಗಳ ನೆತ್ತಿಯ ಮೇಲೆ ಹಾವಿನ ಹಾಗೆ ಬಳುಕುತ್ತಾ ಸಾಗುವ 130 ಮೀಟರಿನ ಕಾಲುಸೇತುವೆ. ನ್ಯೂಯಾರ್ಕಿನ ಉದ್ಯಾನದಲ್ಲಿ ಗಿಡಗಳ ನಡುವೆ ಆಟಿಕೆ ರೈಲು ಓಡಿಸುತ್ತಾರೆ.

ಇದೆಲ್ಲ ಮೋಸ, ಸಸ್ಯೋದ್ಯಾನವನ್ನು ಜಾತ್ರೆ ಮಾಡಿಟ್ಟಿದ್ದಾರೆ ಅಂತ ಮೂಗು ಮುರಿಯುವವರಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ರಾತ್ರಿಯೆಲ್ಲ ಬಣ್ಣದ ದೀಪ ಉರಿದರೆ ಅಲ್ಲಿನ ಹುಳ ಹುಪ್ಪಟೆ, ಬಾವಲಿಗಳ ಗತಿ ಏನು ಅನ್ನುವುದು ನಿಜವಾದ ಪ್ರಶ್ನೆ. ಆದರೆ ಜನರ ಉದ್ದೇಶ ಶುದ್ಧವಾಗಿರಬೇಕು ಅನ್ನುವ ವಾದ ನನಗೆ ರುಚಿಸುವುದಿಲ್ಲ. ಅದು ಹೂಕರ್ ಅವರ ಬೆಳಗಿನ ಬಾಗಿಲಿನ ವಾದವೇ. ದೀಪ ನೋಡೋಕೆ ಬಂದವರ ಟಿಕೆಟ್ ಹಣವೂ ಬೀಜ ಕಾಪಾಡುವ ಕೆಲಸಕ್ಕೆ ನೆರವಾಗುತ್ತದೆ. ಅಲ್ಲದೆ, ಮಗುವಿಗೆ ರೈಲು ತೋರಿಸೋಕೆ ಬಂದ ಅಮ್ಮನ ಕಣ್ಣು ಪಕ್ಕದ ಮರದ ಫಲಕದ ಮೇಲೆ ಬೀಳದೇ ಇರುತ್ತದೆ ಅಂತ ಯಾರು ಹೇಳಿದರು? ಕಲಿಯೋಕೆ ಬರುವುದು ಬೇರೆ, ಬಂದಮೇಲೆ ಕಲಿಯುವುದು ಬೇರೆ. ಎರಡನೆಯದಕ್ಕೆ ಮೊದಲನೆಯದು ಬೇಕೇಬೇಕು ಅಂತೇನೂ ಇಲ್ಲ.

ಬಾರದವರು

ಇಷ್ಟೂ ಹೊತ್ತು ಗೇಟಿನ ಒಳಗೆ ಬಂದವರ ಮಾತಾಯಿತು. ಸಮೀಕ್ಷೆಗಳ ದೊಡ್ಡ ಕೊರತೆಯೂ ಅದೇ. ಗೇಟಿನಲ್ಲಿ ನಿಂತು ಕೇಳಿದರೆ ಬಂದವರಷ್ಟೇ ಸಿಗುತ್ತಾರೆ. ಬಾರದವರನ್ನು ಹುಡುಕಿಕೊಂಡು ಹೋಗಿ ಕೇಳಿದರೆ ದೂರ, ಖರ್ಚು, ಪುರುಸೊತ್ತಿಲ್ಲ ಅನ್ನುವ ಉತ್ತರಗಳು ಮೊದಲು ಬರುತ್ತವೆ. ಅವು ಸುಳ್ಳಲ್ಲ. ಅದರ ಕೆಳಗೆ ಇನ್ನೊಂದು ಇರುತ್ತದೆ, "ಅದು ನಮ್ಮಂಥವರ ಜಾಗ ಅಲ್ಲ" ಅನ್ನುವ ಅಳುಕು. ಗಿಡದ ಹೆಸರೆಲ್ಲ ಲ್ಯಾಟಿನ್ನಿನಲ್ಲಿ, ಎಲ್ಲಿ ನೋಡಿದರೂ ಮುಟ್ಟಬೇಡಿ, ಹುಲ್ಲಿನ ಮೇಲೆ ನಡೆಯಬೇಡಿ. ಓದಿದವರ ಮನೆಗೆ ಹೋಗಿ ಸೋಫಾ ತುದಿಯಲ್ಲಿ ಕೂತ ಹಾಗೆ ಆಗುತ್ತದೆ ಕೆಲವರಿಗೆ. ಬ್ರಿಟನ್ನಿನಲ್ಲಿ ಬರುವವರು ಹೆಚ್ಚಾಗಿ ವಯಸ್ಸಾದ, ಕೈಯಲ್ಲಿ ನಾಲ್ಕು ಕಾಸಿರುವ ಜನವೇ ಅನ್ನುವುದನ್ನು ಅಲ್ಲಿನ ಉದ್ಯಾನಗಳೇ ಒಪ್ಪಿಕೊಂಡಿವೆ.

ಇಂಥ ಅಳುಕನ್ನು ಪೋಸ್ಟರಿನಲ್ಲಿ ಹೂವಿನ ಚಿತ್ರ ಹಾಕಿ ಹೋಗಲಾಡಿಸೋಕೆ ಆಗುವುದಿಲ್ಲ, ಯಾಕೆಂದರೆ ಜನ ಬರುವುದು ಮುಖ್ಯವಾಗಿ ಇನ್ನೊಬ್ಬರ ಜೊತೆಗೆ. ಹೋಗೋಣ ಅಂತ ಮನೆಯಲ್ಲಿ ಯಾರೋ ಒಬ್ಬರು ಹೇಳಬೇಕು, ಮಿಕ್ಕವರು ಹೂಂ ಅನ್ನಬೇಕು. ಹೂಂ ಅನ್ನುವುದೋ ಬೇಡವೋ ಅನ್ನುವುದು ಎಷ್ಟೋ ಸಲ ಗಿಡಕ್ಕೆ ಸಂಬಂಧವೇ ಇಲ್ಲದ ಸಣ್ಣ ಸಂಗತಿಗಳ ಮೇಲೆ ನಿಂತಿರುತ್ತದೆ. ಬಸ್ಸು ಎಲ್ಲಿ ನಿಲ್ಲುತ್ತದೆ. ಗಾಲಿ ಕುರ್ಚಿ ಹೋಗುತ್ತದಾ. ಶೌಚಾಲಯ ಎಷ್ಟು ದೂರ. ನೂರು ಹೆಜ್ಜೆಗೊಂದು ಬೆಂಚು ಇದೆಯಾ. ನಕ್ಷೆಯಲ್ಲಿ ಅಪರೂಪದ ಸೈಕಾಡನ್ನು ದೊಡ್ಡದಾಗಿ ತೋರಿಸಿ ಬೆಂಚುಗಳನ್ನು ಗುರುತು ಮಾಡೋಕೆ ಮರೆತಿದ್ದರೆ, ಮಂಡಿ ನೋವಿನ ಅಜ್ಜಿ "ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರ್ತೀನಿ" ಅನ್ನುತ್ತಾರೆ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗೋದು ಹೇಗೆ ಅಂತ ಮಿಕ್ಕವರೂ ಚಪ್ಪಲಿ ಬಿಚ್ಚುತ್ತಾರೆ.